ಕಾಡಿಗೆ ಹೋಗುವವರು ಯಾರ ಅಪ್ಪಣೆ ಕೇಳಬೇಕು?

1801ರ ಮೊದಲ ತಿಂಗಳುಗಳಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನೊಬ್ಬ ಕೆನರಾ ಸೀಮೆಯಲ್ಲಿ ಊರೂರು ತಿರುಗುತ್ತಿದ್ದ. ಟಿಪ್ಪು ಸುಲ್ತಾನ್ ಮಡಿದು ಎರಡು ವರ್ಷವೂ ತುಂಬಿರಲಿಲ್ಲ. ಹೊಸದಾಗಿ ಕೈಗೆ ಬಂದ ನಾಡಿನಲ್ಲಿ ಯಾವ ಬೆಳೆ ಬರುತ್ತದೆ, ಯಾವ ಮರ ಬೆಳೆಯುತ್ತದೆ, ಜನ ಹೇಗೆ ಬದುಕುತ್ತಾರೆ ಎಂಬುದನ್ನು ಬರೆದು ತರಲು ಈಸ್ಟ್ ಇಂಡಿಯಾ ಕಂಪನಿ ಅವನನ್ನು ಕಳಿಸಿತ್ತು. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರಲ್ಲಿ ಕೆನರಾದ ಕಾಡುಗಳ ಬಗ್ಗೆ ಒಂದು ಸಣ್ಣ ಟಿಪ್ಪಣಿ ಇದೆ. ಇಲ್ಲಿನ ಕಾಡುಗಳು ಆಯಾ ಊರಿನ ದೇವರ ಸೊತ್ತು. ಊರ ಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲ. ಆ ಗೌಡನೇ ಊರದೇವರ ಪೂಜಾರಿಯೂ ಹೌದು. ಅಪ್ಪಣೆ ಕೊಡುವುದಕ್ಕೆ ದೇವರು ಏನನ್ನೂ ತೆಗೆದುಕೊಳ್ಳುವುದಿಲ್ಲ. ಆದರೆ ಕೇಳದೆ ಕಡಿದವನ ಮೇಲೆ ಮಾತ್ರ ಮುನಿಯುತ್ತದೆ ಎಂಬುದು ಅವನು ಬರೆದುಕೊಂಡ ಮಾತಿನ ಸಾರ. ಅದರ ಬೆನ್ನಿಗೇ ಅವನು ತನ್ನ ಅಭಿಪ್ರಾಯವನ್ನೂ ಸೇರಿಸಿದ: ಇದೆಲ್ಲ ಸರ್ಕಾರ ಈ ಕಾಡನ್ನು ತನ್ನದೆಂದು ಹೇಳದಂತೆ ತಡೆಯಲು ಹೂಡಿದ ಉಪಾಯವಿದ್ದಂತಿದೆ.

ಈ ಎರಡು ಮಾತುಗಳನ್ನು ಒಟ್ಟಿಗೆ ಓದಬೇಕು. ಮೊದಲನೆಯದು ಕಾಡಿನ ಜನರ ಕಾನೂನು. ಎರಡನೆಯದು ಆ ಕಾನೂನನ್ನು ಕಂಡು ಆಳುವವರಿಗೆ ಹುಟ್ಟಿದ ಅನುಮಾನ. ಆಮೇಲಿನ ಇನ್ನೂರು ಚಿಲ್ಲರೆ ವರ್ಷಗಳಲ್ಲಿ ಅನುಮಾನವೇ ಕಾನೂನಾಯಿತು, ಕಾನೂನು ಮೂಢನಂಬಿಕೆ ಎನಿಸಿಕೊಂಡಿತು. ಇಂದು ಜೊಯಿಡಾದ ಕಾಡಿಗೆ ಶನಿವಾರ ಭಾನುವಾರ ಕಾರು ಮಾಡಿಕೊಂಡು ಹೋಗುವ ಪ್ರವಾಸಿಗಳು ಅಲ್ಲಿನವರ ಇಷ್ಟಾನಿಷ್ಟಗಳನ್ನು ಗೌರವಿಸಬೇಕೇ ಬೇಡವೇ ಎಂಬ ಚರ್ಚೆ ಎದ್ದಾಗ ನಮಗೆ ಬುಕಾನನ್ನನ ಈ ಟಿಪ್ಪಣಿ ನೆನಪಾಗುತ್ತದೆ. ಇದನ್ನು ಬರೀ ಸಭ್ಯತೆಯ ಪ್ರಶ್ನೆ ಎಂದುಕೊಂಡರೆ ಅರ್ಧ ಮಾತ್ರ ಅರ್ಥವಾಗುತ್ತದೆ. ಇದು ಅಪ್ಪಣೆಯ ಇತಿಹಾಸದ ಪ್ರಶ್ನೆ.

ಜೊಯಿಡಾ ಉತ್ತರ ಕನ್ನಡ ಜಿಲ್ಲೆಯ ಗೋವೆಯ ಗಡಿಗೆ ತಾಗಿದ ತಾಲೂಕು. ಕಾಳಿ ನದಿ ಇದೇ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ ಸುಮಾರು 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ಕಾಡಿನ ನಡುವೆ ಚದುರಿಕೊಂಡ ಪುಟ್ಟ ಪುಟ್ಟ ಹಳ್ಳಿಗಳಲ್ಲಿ ಕುಣಬಿಗಳು ಇದ್ದಾರೆ. ಮನೆಮಾತು ಕೊಂಕಣಿ. ಗದ್ದೆ ಮಾಡುತ್ತಾರೆ, ಜೇನು ತೆಗೆಯುತ್ತಾರೆ, ಬಗೆಬಗೆಯ ಗೆಡ್ಡೆ ಗೆಣಸು ಬೆಳೆಯುತ್ತಾರೆ. ಜೊಯಿಡಾದಲ್ಲಿ ನಡೆಯುವ ಗೆಡ್ಡೆ ಗೆಣಸು ಮೇಳವನ್ನು ಕಂಡವರಿಗೆ ಅವರ ಕೈಯಲ್ಲಿ ಎಷ್ಟು ಬಗೆಯ ತಳಿಗಳು ಉಳಿದುಕೊಂಡಿವೆ ಎಂಬುದು ಗೊತ್ತಾಗುತ್ತದೆ. ಅವರ ಜೊತೆಗೆ ದನ ಎಮ್ಮೆ ಸಾಕುವ ಗೌಳಿಗಳು, ಹಳಿಯಾಳ ಯಲ್ಲಾಪುರಗಳತ್ತ ಹೆಚ್ಚಾಗಿರುವ ಸಿದ್ದಿಗಳು. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ.

ಇವರ ದೇವರುಗಳಿಗೆ ಕಟ್ಟಡದ ಹಂಗು ಕಡಿಮೆ. ಒಂದು ಮರ, ಒಂದು ಕಲ್ಲು, ಒಂದು ಹುತ್ತ, ಒಂದು ನೀರಿನ ಕಣ್ಣು ಇದ್ದರೆ ಸಾಕು. ಅದರ ಸುತ್ತಿನ ಕಾಡನ್ನು ಕನ್ನಡದವರು ದೇವರ ಬನ, ದೇವರ ಕಾನು ಎಂದರು. ಕೊಂಕಣ ಸೀಮೆಯವರು ದೇವರಾಯಿ ಎಂದರು. ಅಲ್ಲಿ ಸೌದೆಗೆ ಕೈ ಹಾಕುವುದಿಲ್ಲ. ಕೆಲವು ಕಡೆ ಕಾಲಿಗೆ ಮೆಟ್ಟಿಲ್ಲದೆ ಹೋಗಬೇಕು, ಕೆಲವು ಕಡೆ ವರ್ಷಕ್ಕೊಂದು ದಿನ ಮಾತ್ರ ಹೋಗಬೇಕು. ಮಾಧವ ಗಾಡ್ಗೀಳ ಮತ್ತು ಎಂ.ಡಿ. ಸುಭಾಶ್ಚಂದ್ರನ್ ಅವರು ಉತ್ತರ ಕನ್ನಡದ ಇಂಥ ಬನಗಳನ್ನು ಹೊಕ್ಕು ಅಧ್ಯಯನ ಮಾಡಿ, ಬೇರೆ ಕಡೆ ನಾಶವಾದ ಮರಗಳು ಇಲ್ಲಿ ಉಳಿದಿವೆ ಎಂದು ತೋರಿಸಿದರು. ಬೇಸಿಗೆಯಲ್ಲಿ ಊರಿನ ಹಳ್ಳ ಬತ್ತದೆ ಉಳಿದಿದ್ದರೆ ಅದರ ತಲೆಯ ಮೇಲೆ ಒಂದು ಬನ ಇರುವುದು ಈ ಜಿಲ್ಲೆಯಲ್ಲಿ ಅಪರೂಪವಲ್ಲ. ದೇವರ ಹೆಸರಿನಲ್ಲಿ ಕಾದದ್ದು ನೀರನ್ನು.

ಈ ಏರ್ಪಾಡಿನ ಮೇಲೆ ಬಿದ್ದ ಮೊದಲ ಪೆಟ್ಟು ಪ್ರವಾಸಿಗಳದ್ದಲ್ಲ. ಉತ್ತರ ಕೆನರಾ 1862ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. ಹಡಗಿಗೆ ಸಾಗುವಾನಿ ಬೇಕಿತ್ತು, ರೈಲು ಹಳಿಯ ಕೆಳಗೆ ಹಾಸಲು ದಿಮ್ಮಿ ಬೇಕಿತ್ತು. ಕಾಡಿನವರು ಸರದಿಯ ಮೇಲೆ ಜಾಗ ಬದಲಿಸುತ್ತ ಮಾಡುತ್ತಿದ್ದ ಕುಮರಿ ಬೇಸಾಯವನ್ನು ಕಾಡಿನ ಶತ್ರು ಎಂದು ಕರೆದು ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಹಂತಹಂತವಾಗಿ ಬಿಗಿ ಮಾಡಿದರು. 1878ರ ಅರಣ್ಯ ಕಾಯಿದೆ ಬಂದ ಮೇಲೆ ಕಾಡಿಗೆ ಮೀಸಲು ಅರಣ್ಯವೆಂಬ ಗಡಿಕಲ್ಲು ಬಿತ್ತು. ಅಲ್ಲಿಯವರೆಗೆ ದೇವರ ಪರವಾಗಿ ಅಪ್ಪಣೆ ಕೊಡುತ್ತಿದ್ದ ಗೌಡನೇ ಈಗ ಒಂದು ಹೊರೆ ಸೌದೆಗೆ ಗಾರ್ಡಿನ ಅಪ್ಪಣೆ ಕೇಳಬೇಕಾಯಿತು.

ಸ್ವಾತಂತ್ರ್ಯ ಬಂದ ಮೇಲೆ ಕೇಳುವವರು ಬದಲಾದರು, ಕೇಳುವ ರೀತಿ ಬದಲಾಗಲಿಲ್ಲ. 1955ರಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಯಿತು, ಕಾಡಿನ ಬಿದಿರು ಕಾಗದವಾಯಿತು. 1956ರಲ್ಲಿ ದಾಂಡೇಲಿ ವನ್ಯಧಾಮ ಘೋಷಣೆಯಾಯಿತು. 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು 1987ರ ಹೊತ್ತಿಗೆ ಎದ್ದು ನಿಂತಾಗ ಸೂಪಾ ಎಂಬ ಪೇಟೆಯೇ ಸುತ್ತಿನ ಹಳ್ಳಿಗಳ ಜೊತೆಗೆ ನೀರಿಗೆ ಹೋಯಿತು. ಸೂಪಾ ತಾಲೂಕು ಜೊಯಿಡಾ ತಾಲೂಕಾಯಿತು. ಮುಳುಗಡೆಯವರು ರಾಮನಗರ ಮೊದಲಾದ ಕಡೆ ಹೋಗಿ ನೆಲೆ ನಿಂತರು. ಮನೆ, ಗದ್ದೆಗಳಿಗೆ ಪರಿಹಾರದ ಲೆಕ್ಕವಿತ್ತು. ಆದರೆ ನೀರಿನ ಕೆಳಗೆ ಹೋದ ಬನದ ಕಲ್ಲಿಗೆ, ಹಿರಿಯರನ್ನು ಮಣ್ಣು ಮಾಡಿದ ಜಾಗಕ್ಕೆ ಯಾವ ದರಪಟ್ಟಿ ಇದ್ದೀತು?

ಅದೇ 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿ ಅಣಶಿ ಎರಡೂ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂಬ ಹೆಸರು ಬಂತು. ಹುಲಿ ಉಳಿಯಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಒಳಗಿನ ಹಳ್ಳಿಗಳ ಕುಟುಂಬಗಳಿಗೆ ಹಣ ಕೊಟ್ಟು, ಸ್ವಇಚ್ಛೆಯಿಂದ ಹೊರಗೆ ಹೋಗಿ ಎನ್ನುವ ಯೋಜನೆ ನಡೆಯುತ್ತಿದೆ. ಶಾಲೆ, ರಸ್ತೆ, ಆಸ್ಪತ್ರೆ ಇಲ್ಲದ ಕಡೆ ಇಚ್ಛೆ ಎಷ್ಟು ಸ್ವಂತದ್ದು ಎಂದು ಯಾರಾದರೂ ಕೇಳಬಹುದು. ಇನ್ನೊಂದು ಕಡೆ, 2012ರಲ್ಲಿ ಸುಪ್ರೀಂ ಕೋರ್ಟು ಹುಲಿ ಪ್ರದೇಶಗಳ ಒಡಲಿನಲ್ಲಿ ಪ್ರವಾಸೋದ್ಯಮವನ್ನು ಜುಲೈಯಲ್ಲಿ ನಿಲ್ಲಿಸಿ, ಮಾರ್ಗಸೂಚಿ ಬಂದ ಮೇಲೆ ಅಕ್ಟೋಬರಿನಲ್ಲಿ ತೆರವು ಮಾಡಿತು. ಆ ಮಾರ್ಗಸೂಚಿಯ ಪ್ರಕಾರ ಒಡಲು ಪ್ರದೇಶದ ಹೆಚ್ಚೆಂದರೆ ಶೇಕಡಾ 20ರಷ್ಟರಲ್ಲಿ ನಿಯಂತ್ರಿತ ಪ್ರವಾಸಕ್ಕೆ ಅವಕಾಶ ಕೊಡಬಹುದು. ಹುಟ್ಟಿದವನು ಹೊರಗೆ ಹೋದರೆ ಒಳ್ಳೆಯದು, ನೋಡಲು ಬಂದವನು ಟಿಕೆಟ್ ಪಡೆದು ಒಳಗೆ ಹೋಗಬಹುದು ಎಂಬ ಈ ಲೆಕ್ಕ ಕುಣಬಿಗೆ ಅರ್ಥವಾಗದಿದ್ದರೆ ಅದು ಅವನ ದಡ್ಡತನವಲ್ಲ.

ಪ್ರವಾಸಿ ಬರುವುದು ಈ ಸರಣಿಯ ಕೊನೆಯಲ್ಲಿ. ಅವನು ಕೊಡಲಿ ತರುವುದಿಲ್ಲ, ಅಣೆಕಟ್ಟು ಕಟ್ಟುವುದಿಲ್ಲ. ಗಣೇಶಗುಡಿಯಲ್ಲಿ ಕಾಳಿಯ ಮೇಲೆ ರ್‍ಯಾಫ್ಟಿಂಗ್ ಮಾಡುತ್ತಾನೆ, ಹೋಂಸ್ಟೇಯಲ್ಲಿ ಉಳಿಯುತ್ತಾನೆ, ಕಾನೇರಿ ಹೊಳೆಯ ಸಿಂಥೇರಿ ರಾಕ್ಸ್, ಕವಳಾ ಗುಹೆ, ಸೈಕ್ಸ್ ಪಾಯಿಂಟ್ ನೋಡುತ್ತಾನೆ. ಹೆಸರುಗಳನ್ನೇ ಗಮನಿಸಿ. ಸಿಂಥೇರಿ ಎಂಬುದು ಆ ಬಂಡೆಯನ್ನು ಕಂಡುಹಿಡಿದ ಇಂಗ್ಲಿಷ್ ಹೆಂಗಸಿನ ಹೆಸರು ಎನ್ನುವುದು ರೂಢಿ. ಬಂಡೆಯ ಕೆಳಗೆ ತಲೆಮಾರುಗಳಿಂದ ಜೇನು ತೆಗೆದವರ ಕಣ್ಣಿಗೆ ಅದು ಬಿದ್ದಿರಲಿಲ್ಲವೇ? ಕೊಂಕಣ ಸೀಮೆಯಲ್ಲಿ ಹುತ್ತದ ರೂಪದಲ್ಲಿ ಪೂಜೆಗೊಳ್ಳುವ ಶಾಂತೇರಿ ಎಂಬ ತಾಯಿ ಇದ್ದಾಳೆ. ಎರಡು ಹೆಸರುಗಳ ಉಲಿಯ ಸಾಮ್ಯದ ಮೇಲೆ ವಾದ ಕಟ್ಟುವುದು ಸಲ್ಲ. ಆದರೆ ಒಂದು ಜಾಗವನ್ನು ಯಾರು ಕಂಡುಹಿಡಿದರು ಎಂದು ಹೇಳುವಾಗ ನಾವು ಯಾರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದಂತೂ ತಿಳಿಯುತ್ತದೆ.

ಕವಳಾದ ಕಥೆ ಬೇರೆ. ದಟ್ಟ ಕಾಡಿನ ನಡುವೆ ನೂರಾರು ಮೆಟ್ಟಿಲು ಇಳಿದು, ಗುಹೆಯ ಕತ್ತಲಲ್ಲಿ ನುಸುಳಿ ಹೋದರೆ ಸುಣ್ಣದ ನೀರು ತೊಟ್ಟಿಕ್ಕಿ ತಾನಾಗಿ ಬೆಳೆದ ಲಿಂಗಾಕಾರದ ಕಲ್ಲು ಇದೆ. ಶಿವರಾತ್ರಿಗೆ ಭಕ್ತರು ಸೇರುತ್ತಾರೆ. ಅದೇ ಗುಹೆ ಸಾಹಸಪ್ರಿಯರ ಪಟ್ಟಿಯಲ್ಲೂ ಇದೆ. ಒಬ್ಬ ಕೈಮುಗಿದು ಬಗ್ಗುತ್ತಾನೆ, ಇನ್ನೊಬ್ಬ ಮೊಬೈಲಿನ ಬೆಳಕು ಹಿಡಿದು ಬಗ್ಗುತ್ತಾನೆ. ಹನಿಹನಿಯಾಗಿ ಎಷ್ಟೋ ಶತಮಾನ ಬೆಳೆದ ಕಲ್ಲಿಗೆ ಇಬ್ಬರ ಕೈಯ ಜಿಡ್ಡೂ ಒಂದೇ. ಭಕ್ತನಿಂದ ಕೆಡುಕಿಲ್ಲ, ಪ್ರವಾಸಿಯಿಂದ ಮಾತ್ರ ಕೆಡುಕು ಎಂದು ಹೇಳುವುದು ಸುಲಭ, ಆದರೆ ನಿಜವಲ್ಲ. ಬನದ ಮರ ಕಡಿದು ಅದೇ ದೇವರಿಗೆ ಕಾಂಕ್ರೀಟಿನ ಗುಡಿ ಕಟ್ಟಿಸಿದ ಉದಾಹರಣೆಗಳು ಮಲೆನಾಡಿನಲ್ಲಿ ಬೇಕಾದಷ್ಟಿವೆ. ಕೊಡಗಿನಲ್ಲಿ ದಾಖಲೆಯ ಪ್ರಕಾರ 1905ರಲ್ಲಿ 15,506 ಎಕರೆ ಇದ್ದ ದೇವರಕಾಡು 1985ರ ಹೊತ್ತಿಗೆ 6,299 ಎಕರೆಗೆ ಇಳಿಯಿತು. ಅದನ್ನು ನುಂಗಿದವರು ಪ್ರವಾಸಿಗಳಲ್ಲ. ಒತ್ತುವರಿಯೂ ಕಾಫಿ ತೋಟವೂ.

ಹಾಗಾದರೆ ಪ್ರವಾಸಿಗೇ ಯಾಕೆ ಈ ಉಪದೇಶ ಎಂದು ಕೇಳುವವರಿದ್ದಾರೆ. ಅವರ ವಾದದಲ್ಲಿ ಮೂರು ಎಳೆಗಳಿವೆ. ಒಂದೊಂದಾಗಿ ನೋಡೋಣ.

ಕಾಡು ದೇಶದ ಸೊತ್ತು, ದೇಶದ ಪ್ರಜೆಗೆ ಅಲ್ಲಿ ಹೋಗಲು ಇನ್ನೊಬ್ಬರ ಅಪ್ಪಣೆ ಯಾಕೆ ಎಂಬುದು ಮೊದಲನೆಯದು. ಇದು ಹೊಸ ಮಾತಲ್ಲ, ಬುಕಾನನ್ನನ ಅನುಮಾನದ ಇಂದಿನ ರೂಪ. ಕಾಡು ಎಲ್ಲರದು ಎಂದು ಹೇಳಲು ಇಂದು ಅಲ್ಲಿ ಕಾಡು ಉಳಿದಿದೆ. ಉಳಿದದ್ದು ಅದು ಯಾರೋ ಕೆಲವರದ್ದಾಗಿದ್ದ ಕಾರಣಕ್ಕೆ. ಕಾನೂನೂ ಈ ಮಾತನ್ನು ಒಪ್ಪಿದೆ. 2006ರ ಅರಣ್ಯ ಹಕ್ಕು ಕಾಯಿದೆಯ 5ನೆಯ ಕಲಮು, ಕಾಡಿನವರ ಸಾಂಸ್ಕೃತಿಕ ಮತ್ತು ನೈಸರ್ಗಿಕ ಪರಂಪರೆಗೆ ಹಾನಿಯಾಗದಂತೆ ನೋಡಿಕೊಳ್ಳುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುತ್ತದೆ. ಸಮುದಾಯದ ಅರಣ್ಯ ಸಂಪನ್ಮೂಲಕ್ಕೆ ಯಾರು ಹೇಗೆ ಪ್ರವೇಶಿಸಬೇಕು ಎಂದು ನಿಯಂತ್ರಿಸುವ ತೀರ್ಮಾನವನ್ನೂ ಗ್ರಾಮಸಭೆ ಮಾಡಬಹುದು. ಒಡಿಶಾದ ನಿಯಮಗಿರಿ ಬೆಟ್ಟವನ್ನು ಬಾಕ್ಸೈಟಿಗಾಗಿ ಅಗೆಯುವ ಪ್ರಶ್ನೆ ಬಂದಾಗ, 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು ಡೋಂಗ್ರಿಯಾ ಕೊಂಧರ ಧಾರ್ಮಿಕ ಹಕ್ಕಿನ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಲು ಹೇಳಿತು. ಹನ್ನೆರಡು ಗ್ರಾಮಸಭೆಗಳು ಕೂಡಿದವು. ಹನ್ನೆರಡೂ ಬೇಡ ಎಂದವು. ಗಣಿ ನಿಂತಿತು. ಗಣಿಯ ಎದುರು ನಿಂತ ಮಾತು ಪ್ರವಾಸದ ಬಸ್ಸಿನ ಎದುರು ನಿಲ್ಲಬಾರದೇಕೆ?

ನಮ್ಮದೇ ರಾಜ್ಯದಲ್ಲೂ ಉದಾಹರಣೆಯಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ನೆಲವನ್ನು ಎಲ್ಲೆಗಳಾಗಿ ಗುರುತಿಸುತ್ತಾರೆ. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ಎಲ್ಲೆಯೊಳಗೆ ಪೂಜೆಯ ತಾಣಗಳಿವೆ. ಇಂಥ ನೂರಾರು ತಾಣಗಳನ್ನು ಅವರೇ ನಡೆದು ತೋರಿಸಿ ನಕ್ಷೆ ಮಾಡಿಸಿದರು. 2011ರಲ್ಲಿ ಹುಲಿ ಪ್ರದೇಶದ ಒಳಗೇ ಅವರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಜೊಯಿಡಾದ ಕುಣಬಿಗೆ ಈ ದಾರಿ ಅಷ್ಟು ಸಲೀಸಲ್ಲ. ಗೋವೆಯ ಕುಣಬಿ, ಗಾವಡಾ, ವೇಳಿಪರು 2003ರಲ್ಲಿ ಪರಿಶಿಷ್ಟ ಪಂಗಡವಾದರು. ಅದೇ ವರ್ಷ ಉತ್ತರ ಕನ್ನಡದ ಸಿದ್ದಿಗಳಿಗೂ ಆ ಸ್ಥಾನ ಸಿಕ್ಕಿತು. ಗಡಿಯ ಈಚೆಗಿನ ಕುಣಬಿ ಮಾತ್ರ ಹೊರಗುಳಿದ. ಅವನು ಅರಣ್ಯ ಹಕ್ಕು ಕೇಳಬೇಕಾದರೆ 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದದ್ದಕ್ಕೆ ಪುರಾವೆ ತರಬೇಕು. ಕಾಗದಪತ್ರಗಳನ್ನು ಬರೆದಿಡುತ್ತಿದ್ದವರು ಅವನ ಹೆಸರನ್ನು ಬರೆಯಲಿಲ್ಲ. ಈಗ ಅವನನ್ನೇ ಕಾಗದ ಎಲ್ಲಿ ಎಂದು ಕೇಳುತ್ತಾರೆ. ಅವನ ಅಜ್ಜ ಪೂಜಿಸಿದ ಬನದ ಮರಕ್ಕಿಂತ ಹಳೆಯ ಪುರಾವೆ ಯಾವುದಿದ್ದೀತು? ಪ್ರವಾಸಿಗಳು ಅವನ ಮಾತನ್ನು ಗೌರವಿಸುವುದು ಇಲ್ಲಿಯೇ ಮುಖ್ಯವಾಗುತ್ತದೆ. ಕಾಗದ ಹೇಳದ ಮಾತನ್ನು ಮನುಷ್ಯರ ನಡವಳಿಕೆಯಾದರೂ ಒಪ್ಪಬೇಕು.

ಎರಡನೆಯ ವಾದ: ನಂಬಿಕೆಯ ಹೆಸರಿನಲ್ಲಿ ಬೇಲಿ ಹಾಕುವುದನ್ನು ಒಪ್ಪಿದರೆ ದಲಿತರನ್ನೂ ಹೆಂಗಸರನ್ನೂ ಹೊರಗಿಟ್ಟ ಬೇಲಿಗಳನ್ನೂ ಒಪ್ಪಿದಂತಾಗುವುದಿಲ್ಲವೇ? ಇದು ಗಟ್ಟಿಯಾದ ವಾದ, ತಳ್ಳಿಹಾಕಲಾಗದು. ನಮಗೆ ತೋರುವುದು ಇಷ್ಟು. ಜಾಗವನ್ನು ಕಾಯುವ ಕಟ್ಟಳೆ ಬೇರೆ, ಮನುಷ್ಯನನ್ನು ಕೀಳುಮಾಡುವ ಕಟ್ಟಳೆ ಬೇರೆ. ಮರ ಕಡಿಯಬೇಡ, ಹೆಂಡ ತರಬೇಡ, ಈ ಕಲ್ಲಿನಿಂದ ಮುಂದೆ ಬರಬೇಡ ಎಂಬ ಮಾತು ಎಲ್ಲರಿಗೂ ಸಮನಾಗಿ ಅನ್ವಯಿಸಿದರೆ ಅದರಲ್ಲಿ ಯಾರ ಮಾನವೂ ಹೋಗುವುದಿಲ್ಲ. ನಿನ್ನ ಹುಟ್ಟಿನಿಂದ ಈ ಜಾಗ ಮೈಲಿಗೆಯಾಗುತ್ತದೆ ಎನ್ನುವ ಮಾತು ಬಂದರೆ ಅದಕ್ಕೆ ಸಂವಿಧಾನದ 17ನೆಯ ವಿಧಿ ಉತ್ತರ ಕೊಟ್ಟಿದೆ. ಊರೊಳಗಿನ ಹೆಂಗಸರು ತಮ್ಮ ಊರಿನ ಕಟ್ಟಳೆ ಬದಲಾಗಬೇಕೆಂದು ಕೇಳಿದರೆ ಅವರ ಜೊತೆ ನಿಲ್ಲಬೇಕು. ಆದರೆ ಆ ನ್ಯಾಯದ ಹೆಸರು ಹೇಳಿ ಬೀರಿನ ಬಾಟಲಿ ಒಡೆಯುವ ಪ್ರವಾಸಿಯ ಪರ ನಿಲ್ಲಲಾಗದು.

ಮೂರನೆಯದು ಹೊಟ್ಟೆಯ ವಾದ. ಪ್ರವಾಸಿಗಳು ಬಂದರೆ ತಾನೆ ಜೊಯಿಡಾದ ಹುಡುಗರಿಗೆ ಕೆಲಸ? ನಿಜ. ಹೋಂಸ್ಟೇಗಳಲ್ಲಿ ಅಡಿಗೆ ಮಾಡುವವರು, ಗೈಡುಗಳು, ಜೀಪು ಓಡಿಸುವವರು ಅಲ್ಲಿನವರೇ. ಪ್ರವಾಸ ನಿಲ್ಲಲಿ ಎಂದು ಅವರು ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಆದರೆ ಜಮೀನು ಯಾರದ್ದು, ಲಾಭ ಯಾರಿಗೆ, ದಿನಗೂಲಿ ಯಾರಿಗೆ ಎಂದು ಕೇಳಬೇಕು. ಯಾವ ಜಾಗ ತೋರಿಸಬೇಕು, ಯಾವುದನ್ನು ತೋರಿಸಬಾರದು ಎಂಬ ತೀರ್ಮಾನ ಊರಿನವರ ಕೈಯಲ್ಲಿದ್ದರೆ ದುಡಿಮೆಯೂ ಉಳಿಯುತ್ತದೆ, ಬನವೂ ಉಳಿಯುತ್ತದೆ.

ದೂರದ ಆಸ್ಟ್ರೇಲಿಯಾದಲ್ಲಿ ಇದು ನಡೆದು ತೋರಿಸಿದೆ. ಮರುಭೂಮಿಯ ನಡುವಿನ ಉಲುರು ಎಂಬ ಕೆಂಪು ಬಂಡೆ ಅನಂಗು ಜನರಿಗೆ ಪವಿತ್ರ. ಬಿಳಿಯರು 1873ರಲ್ಲಿ ಅದಕ್ಕೆ ಅಯರ್ಸ್ ರಾಕ್ ಎಂದು ಹೆಸರಿಟ್ಟರು. ಹತ್ತಲು ಸರಪಳಿ ಹಾಕಿದರು. 1985ರ ಅಕ್ಟೋಬರ್ 26ರಂದು ಆ ನೆಲದ ಒಡೆತನ ಅನಂಗುಗಳಿಗೆ ಮರಳಿತು, ಅವರು ಅದನ್ನು ಉದ್ಯಾನಕ್ಕೆ ಗುತ್ತಿಗೆ ಕೊಟ್ಟರು. ಅವರು ಕೂಡಲೇ ಬಾಗಿಲು ಹಾಕಲಿಲ್ಲ. ದಯವಿಟ್ಟು ಹತ್ತಬೇಡಿ, ಇದು ನಮ್ಮ ಕಟ್ಟಳೆ ಎಂದು ಫಲಕ ಹಾಕಿ ವರ್ಷಗಟ್ಟಲೆ ಕೇಳಿಕೊಂಡರು. ಹತ್ತುವವರ ಪ್ರಮಾಣ ನೂರಕ್ಕೆ ಇಪ್ಪತ್ತಕ್ಕಿಂತ ಕೆಳಗೆ ಇಳಿದ ಮೇಲೆ, ಅನಂಗುಗಳೇ ಬಹುಮತದಲ್ಲಿರುವ ಮಂಡಳಿ 2017ರಲ್ಲಿ ತೀರ್ಮಾನ ಮಾಡಿ, 2019ರ ಅಕ್ಟೋಬರ್ 26ರಿಂದ ಹತ್ತುವುದನ್ನು ನಿಲ್ಲಿಸಿತು. ಕೊನೆಯ ದಿನಗಳಲ್ಲಿ ಹತ್ತಲು ಉದ್ದದ ಸಾಲು ನಿಂತಿತ್ತು ಎಂಬುದೂ ನಿಜ. ಬೇಡ ಎಂದದ್ದನ್ನು ಮಾಡಿ ಮುಗಿಸುವ ಚಪಲ ಎಲ್ಲ ಕಡೆಯೂ ಒಂದೇ. ಆದರೂ ಬಹುಪಾಲು ಜನ ಕೇಳಿಕೊಂಡಾಗಲೇ ಹತ್ತುವುದನ್ನು ಬಿಟ್ಟಿದ್ದರು ಎಂಬುದನ್ನು ಮರೆಯಬಾರದು. ಬಂಡೆಯ ಬುಡದಲ್ಲಿ ನಡೆದು, ಕಥೆ ಕೇಳಿ ಹೋಗುವವರು ಇಂದಿಗೂ ಬರುತ್ತಾರೆ.

ನಮ್ಮ ಓದುಗರಿಗೆ ಈ ವಿಚಾರ ಅಪರಿಚಿತವಾಗಬೇಕಾಗಿಲ್ಲ. ಉರ್ದುವಿನಲ್ಲಿ ಇಜಾಜತ್ ಮತ್ತು ಅದಬ್ ಎಂಬ ಎರಡು ಮಾತುಗಳನ್ನು ಮಕ್ಕಳಿಗೆ ಒಟ್ಟಿಗೆ ಕಲಿಸುತ್ತಾರೆ. ಪರರ ಮನೆಗೆ ಅನುಮತಿ ಪಡೆದು, ಸಲಾಮು ಹೇಳಿಯೇ ಹೋಗಬೇಕು. ಮರಳಿ ಹೋಗಿ ಎಂದರೆ ಮರಳಬೇಕು ಎಂಬುದು ಕುರ್‌ಆನಿನ ನೂರ್ ಅಧ್ಯಾಯದ ಬೋಧೆ. ಮಕ್ಕಾದ ಹರಮ್ ಗಡಿಯೊಳಗೆ ಬೇಟೆಯಾಡುವಂತಿಲ್ಲ, ತಾನಾಗಿ ಬೆಳೆದ ಗಿಡ ಕೀಳುವಂತಿಲ್ಲ. ಮದೀನಾಕ್ಕೂ ಪ್ರವಾದಿಯವರು ಇಂಥದೇ ಕಟ್ಟಳೆ ಮಾಡಿದರು. ಅರಬ್ ನಾಡಿನಲ್ಲಿ ಹಿಮಾ ಎಂಬ ಕಾದಿಟ್ಟ ಹುಲ್ಲುಗಾವಲು ಹಿಂದೆ ಬಲಾಢ್ಯ ಮುಖಂಡರ ಖಾಸಗಿ ಸೊತ್ತಾಗಿತ್ತು, ಇಸ್ಲಾಮಿನ ಕಾಲದಲ್ಲಿ ಅದು ಸಾರ್ವಜನಿಕರ ಹಿತಕ್ಕೆ ಬಂತು. ತನ್ನ ನೆಲೆಯಲ್ಲಿ ಒಂದು ಗಿಡಕ್ಕೂ ಅದಬ್ ಉಂಟು ಎಂದು ತಿಳಿದವನು ಕುಣಬಿಯ ಬನದಲ್ಲಿ ಅದನ್ನು ಮರೆಯಲಾರ. ಇನ್ನೊಬ್ಬರ ದೇವರನ್ನು ನಂಬಬೇಕಾಗಿಲ್ಲ, ಇನ್ನೊಬ್ಬರ ಮನೆ ಎಂಬುದನ್ನು ಒಪ್ಪಿದರೆ ಸಾಕು.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಹೊರಗಿನವರು ಬರಬಾರದು ಎಂದು ಈ ಕಾಡು ಎಂದೂ ಹೇಳಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಕ್ರಾಂತಿಯ ನಂತರ ಚನ್ನಬಸವಣ್ಣ ಮತ್ತು ಶರಣರು ಬಂದು ನೆಲೆ ಕಂಡದ್ದು ಇದೇ ಜೊಯಿಡಾದ ಉಳವಿಯಲ್ಲಿ ಎಂಬುದು ಪರಂಪರೆ. ಪೋರ್ಚುಗೀಸರ ಗೋವೆಯ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಸಿದ್ದಿಗಳಿಗೆ ಈ ಕಾಡುಗಳೇ ಮನೆಯಾದವು. 1960ರ ದಶಕದಲ್ಲಿ ಊರು ಕಳೆದುಕೊಂಡ ಟಿಬೆಟಿನವರು ಪಕ್ಕದ ಮುಂಡಗೋಡಿನಲ್ಲಿ ನೆಲೆ ನಿಂತರು. ಕುಣಬಿಗಳಲ್ಲೇ ಗೋವೆಯ ಕಡೆಯಿಂದ ಬಂದವರೆಂಬ ನೆನಪಿದೆ. ಬಂದವರನ್ನೆಲ್ಲ ಇಟ್ಟುಕೊಂಡ ನೆಲ ಇದು. ಅವರಾರೂ ಒಡೆಯರಾಗಿ ಬರಲಿಲ್ಲ, ಇರಲು ಜಾಗ ಬೇಡಿ ಬಂದರು. ಒಡೆಯನಾಗಿ ಬಂದ ಕಂಪನಿ, ಒಡೆಯನಾಗಿ ಬಂದ ಇಲಾಖೆ, ಒಡೆಯನಾಗಿ ಬಂದ ಅಣೆಕಟ್ಟು ಕೇಳಲಿಲ್ಲ. ಪ್ರವಾಸಿಯ ಮುಂದೆ ಎರಡೂ ದಾರಿಗಳಿವೆ. ಅವನು ಯಾವ ಸಾಲಿನಲ್ಲಿ ನಿಲ್ಲಬೇಕೆಂಬುದು ಅವನ ಆಯ್ಕೆ.

ಮಾಡಬೇಕಾದ ಕೆಲಸ ದೊಡ್ಡದೇನಲ್ಲ. ಹೋಗುವವರು ಊರಿನವರನ್ನೇ ಜೊತೆಗೆ ಕರೆದುಕೊಂಡು ಹೋಗಲಿ. ಮೆಟ್ಟು ಬಿಡಿ ಎಂದ ಕಡೆ ಬಿಡಲಿ, ಫೋಟೋ ಬೇಡ ಎಂದ ಕಡೆ ಫೋನು ಜೇಬಿಗೆ ಹಾಕಲಿ, ಹಾಡಿನ ಪೆಟ್ಟಿಗೆ ಕಾರಿನಲ್ಲೇ ಇರಲಿ. ಯಾರಿಗೂ ತಿಳಿಯದ ಬನದ ದಾರಿಯನ್ನು ಇಂಟರ್ನೆಟ್ಟಿನಲ್ಲಿ ಹಾಕದಿರಲಿ. ಕೆಲವು ಜಾಗಗಳನ್ನು ನೋಡದೆಯೇ ಹಿಂದಿರುಗಲಿ. ಎಲ್ಲವನ್ನೂ ನೋಡಲೇಬೇಕೆಂಬ ಹರಕೆಯನ್ನು ಯಾರೂ ಹೊತ್ತಿಲ್ಲ. ಸರ್ಕಾರ ಮಾಡಬೇಕಾದದ್ದು ಇನ್ನೂ ಮುಖ್ಯ. ಜೊಯಿಡಾದ ಗ್ರಾಮಸಭೆಗಳನ್ನು ಕೂಡಿಸಿ ಯಾವ ತಾಣ ತೆರೆದಿರಬೇಕು, ಯಾವ ದಿನ ಮುಚ್ಚಿರಬೇಕು, ಎಷ್ಟು ಜನ ಬರಬೇಕು ಎಂದು ಕೇಳಬೇಕು. ಟಿಕೆಟ್ಟಿನ ಹಣದಲ್ಲಿ ಊರಿಗೆ ಪಾಲು ಕೊಡಬೇಕು. ಕುಣಬಿಗಳ ಹಕ್ಕಿನ ಅರ್ಜಿಗಳನ್ನು ಕಾಗದದ ಕೊರತೆಯ ನೆಪದಲ್ಲಿ ತಳ್ಳಬಾರದು.

ಬುಕಾನನ್ ಬರೆದ ಗೌಡ ಅಪ್ಪಣೆಗೆ ಕಾಸು ತೆಗೆದುಕೊಳ್ಳುತ್ತಿರಲಿಲ್ಲ, ಕೇಳಿದರೆ ಸಾಕಿತ್ತು. ಇಂದು ಗೇಟಿನಲ್ಲಿ ಕಾಸು ಕೊಟ್ಟರೆ ಸಾಕು, ಕೇಳಬೇಕಾಗಿಲ್ಲ. ಈ ಎರಡರಲ್ಲಿ ಯಾವುದು ಕಾಡನ್ನು ಉಳಿಸಿತು ಎಂಬುದಕ್ಕೆ ಇನ್ನೂ ಉಳಿದಿರುವ ಬನಗಳೇ ಸಾಕ್ಷಿ.